ಬಾಗಿಲಿಲ್ಲದ ಕಮಾನು

ಯುಕುಂಡಸ್‌ನ ಬೇಳೆಗಂಜಿ ಅಂಗಡಿಯ ಗೋಡೆಯಿಂದ ಗಿಲಾವು ಕಳಚಿ ಬಿದ್ದಾಗ ಒಳಗೊಂದು ಕಮಾನು ಕಾಣಿಸಿತು. ಇಟ್ಟಿಗೆಗಳು ನಿಂತು ಬಾಗಿದ ಕಮಾನು. ಅದರ ಕೆಳಗೂ ಗೋಡೆಯೇ ಇತ್ತು.

ಅವನು ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದು ಕೇಳಿದ. ಪಕ್ಕದ ಖಾಲಿ ಕೋಣೆಯನ್ನೂ ಅವನೇ ಬಾಡಿಗೆಗೆ ಹಿಡಿದಿದ್ದ. ಇಲ್ಲೊಂದು ಬಾಗಿಲಿತ್ತು, ಯಾರೋ ಮುಚ್ಚಿದ್ದಾರೆ, ಅದನ್ನು ಒಡೆದರೆ ಎರಡೂ ಒಂದಾಗುತ್ತವೆ ಎಂಬುದು ಅವನ ಲೆಕ್ಕ. ಗೋಡೆ ಕಟ್ಟಿದವನು ನನ್ನ ಗಂಡ ಹಿಲಾರಸ್. ಅವನು ತೀರಿಹೋಗಿ ಎರಡು ತಿಂಗಳು. ಜೌಗಿನ ಜ್ವರ.

"ನಿಂಗೆ ಗೊತ್ತಿರತ್ತಲ್ಲ ತಂಗಿ, ಬಾಗ್ಲಿತ್ತೋ ಇಲ್ವೋ?"

ನನಗೆ ಗೊತ್ತಿರಲಿಲ್ಲ. ಆ ಗೋಡೆಯ ಮೇಲೆ ನಮ್ಮ ಕೋಣೆ, ಸರಿಯಾಗಿ ಕಮಾನಿನ ಮೇಲೆ ನನ್ನ ಅತ್ತೆಯ ಹಾಸಿಗೆ.

ಅತ್ತೆ ಫೆಲಿಕುಲಾ ಅಲ್ಲಿಂದಲೇ ಹೇಳಿದಳು. "ಬಾಗ್ಲೂ ಇಲ್ಲ, ಗೀಗ್ಲೂ ಇಲ್ಲ. ಗೋಡೆ ಅಡೀಲಿ ಹಳೇ ಚರಂಡಿ ಹೋಗತ್ತೆ. ಭಾರ ಅದರ ಮೇಲೆ ಬೀಳ್ದಿರ್ಲಿ ಅಂತ ನನ್ ಮಗ ಕಮಾನು ಕೂರ್ಸಿದ್ದು. ನೀನು ಒಡ್ಕೋ, ನಾನು ಇಲ್ಲೇ ಮಲಗ್ತೀನಿ."

ಒಡೆಯಬಹುದೇ? ಕಮಾನು ಭಾರವನ್ನು ಎರಡು ಬದಿಗೆ ಇಳಿಸುತ್ತದೆ, ನಡುವೆ ಇರುವುದು ಏನನ್ನೂ ಹೊರುವುದಿಲ್ಲ. ಇಷ್ಟನ್ನು ಹಿಲಾರಸ್ ಊಟಕ್ಕೆ ಕೂತಾಗ ರೊಟ್ಟಿಯ ಚೂರುಗಳನ್ನು ಜೋಡಿಸಿ ತೋರಿಸುತ್ತಿದ್ದ. ಇನ್ನೊಂದು ಮಾತನ್ನೂ ಹೇಳಿದ್ದ. ಕಮಾನಿಗೆ ಗೋಡೆಯ ದಪ್ಪದಷ್ಟು ಉದ್ದದ ದೊಡ್ಡ ಇಟ್ಟಿಗೆ ಸಾಲಲಿಲ್ಲ, ಮುಖಕ್ಕಷ್ಟೇ ತುಂಡು ಇಟ್ಟಿಗೆ ಕೊಟ್ಟು ಒಳಗೆ ಗಾರೆ ತುಂಬಿಬಿಟ್ಟೆ ಎಂದು. ಆ ವರ್ಷ ಅವನು ಎರಡು ಕಡೆ ಕೆಲಸ ಮಾಡಿದ್ದ, ಈ ಗೋಡೆ ಮತ್ತು ಬಂದರಿನ ಸ್ನಾನಗೃಹ. ಯಾವುದರ ಮಾತು ಅದು? ಹೇಳುವಾಗ ಅವನ ಬೆರಳಲ್ಲಿ ಅಂಟಿದ್ದ ಸುಣ್ಣ ನೆನಪಿದೆ. ಮಾತು ಅರ್ಧ ಮಾತ್ರ. ನಾನು ಆಗ ಬಟ್ಟೆ ಮಡಚುತ್ತಿದ್ದೆ.

ಈ ಗೋಡೆಯದ್ದಾಗಿದ್ದರೆ ಕಮಾನು ಬರೀ ತೋರಿಕೆ. ಕೆಳಗಿನದನ್ನು ತೆಗೆದರೆ ಅತ್ತೆ ಹಾಸಿಗೆ ಸಮೇತ ಗಂಜಿಯ ಹಂಡೆಗೆ ಬೀಳುತ್ತಾಳೆ.

ಎರಡು ದಿನ ತಾಳು ಎಂದು ಯುಕುಂಡಸ್‌ಗೆ ಹೇಳಿದೆ. ಹಿಲಾರಸ್‌ನ ಹಿತ್ತಾಳೆಯ ಅಡಿಕೋಲು ಪೆಟ್ಟಿಗೆಯಲ್ಲಿತ್ತು. ಅಂಗಡಿಯಲ್ಲಿ ಅಳೆದೆ, ಕಮಾನಿನ ನೆತ್ತಿ ನೆಲದಿಂದ ಏಳು ಅಡಿ. ಪಕ್ಕದ ಕೋಣೆಯಲ್ಲಿ ಗಿಲಾವು ಕೆರೆದೆ. ಅಲ್ಲೂ ಕಮಾನು ಸಿಕ್ಕಿತು. ಎಂಟು ಅಡಿ. ಮತ್ತೆ ಅಳೆದೆ. ಎಂಟೇ.

ಒಂದೇ ಗೋಡೆಗೆ ಬೇರೆ ಬೇರೆ ಎತ್ತರದ ಎರಡು ಕಮಾನು. ಹಾಗಾದರೆ ಯಾವುದೂ ಗೋಡೆಯ ಈಚೆಯಿಂದ ಆಚೆಗೆ ಹಾದಿಲ್ಲ. ಒಡೆಯಬೇಡ ಎಂದೆ. ಯುಕುಂಡಸ್ ಮುಖ ಊದಿಸಿಕೊಂಡ. ಗಂಡ ಕಟ್ಟಿದ್ದನ್ನೇ ಹೆಂಡತಿ ನಂಬದಿದ್ದರೆ ಊರಲ್ಲಿ ಇನ್ಯಾರು ನಂಬುತ್ತಾರೆ ಎಂದು, ಗಂಜಿ ಕುಡಿಯಲು ಬಂದವರ ಮುಂದೆಲ್ಲ ಹೇಳಿದ.

ಅಡಿಕೋಲು ಪಕ್ಕದ ಕೋಣೆಯಲ್ಲೇ ಉಳಿದಿತ್ತು. ತರಲು ಹೋದಾಗ ಹೊಸ್ತಿಲು ದಾಟಿ ಕಾಲು ಕೆಳಗಿಳಿಯಿತು. ಅಂಗಡಿಗೆ ಇಲ್ಲದ ಒಂದು ಮೆಟ್ಟಿಲು. ಅಳೆಯುವ ದಿನವೂ ಅದನ್ನು ಇಳಿದಿದ್ದೆ. ಮೆಟ್ಟಿಲನ್ನು ಅಳೆದೆ. ಒಂದು ಅಡಿ.

ಅಂದರೆ ಕಮಾನುಗಳು ಒಂದೇ ಎತ್ತರದಲ್ಲಿವೆ. ಅಂದರೆ ಒಂದೇ ಕಮಾನು. ಅಥವಾ ಎರಡು ಮುಖಕ್ಕೆ ಎರಡು, ನಡುವೆ ಗಾರೆ. ಮೊದಲು ಎಲ್ಲಿದ್ದೆನೋ ಅಲ್ಲಿಗೇ ಬಂದಿದ್ದೆ.

ನೆತ್ತಿಯ ಕೆಳಗೆ ಕೈ ಹಿಡಿಸುವಷ್ಟು ತೂತು ಕೊರೆ ಎಂದು ಯುಕುಂಡಸ್‌ಗೆ ಹೇಳಿದೆ. ಹಿಲಾರಸ್‌ನ ಗಾರೆಗೆ ಬೈಯುತ್ತ ಅವನು ಒಂದು ಮಧ್ಯಾಹ್ನವಿಡೀ ಹಾರೆ ಹಾಕಿದ. ಮುಕ್ಕಾಲಿಯ ಮೇಲೆ ನಿಂತು ನಾನು ಕೈ ತೂರಿಸಿದೆ. ಗೋಡೆ ಎರಡು ಅಡಿ ದಪ್ಪ. ತುಂಡು ಇಟ್ಟಿಗೆಯಾದರೆ ಮೊಳಕೈ ಮುಟ್ಟುವ ಮೊದಲೇ ಮುಗಿಯಬೇಕು. ಬೆರಳು ಮೇಲಕ್ಕೆ ತಿರುಗಿಸಿ ಕಮಾನಿನ ಇಟ್ಟಿಗೆಯ ಅಂಚನ್ನು ಸವರುತ್ತ ಕೈಯನ್ನು ಒಳಗೆ ಸರಿಸಿದೆ. ಸಂದು ಬರುತ್ತದೆ, ಈಗ ಬರುತ್ತದೆ ಎಂದುಕೊಂಡೆ. ಮೊಳಕೈ ದಾಟಿತು. ಕೆನ್ನೆ ಗೋಡೆಗೆ ಒತ್ತಿತು. ಸಂದು ಬರಲಿಲ್ಲ. ಪಕ್ಕದ ಇಟ್ಟಿಗೆಗೂ ಇರಲಿಲ್ಲ. ಅದರ ಪಕ್ಕದ್ದಕ್ಕೂ.

"ಏನು ಸಿಕ್ತು?" ಯುಕುಂಡಸ್ ಕೆಳಗಿನಿಂದ ಕೇಳಿದ.

ನಾನು ತಕ್ಷಣ ಕೈ ತೆಗೆಯಲಿಲ್ಲ. ಒಳಗೆ ತಣ್ಣಗಿತ್ತು.

"ದೊಡ್ಡ ಇಟ್ಟಿಗೆ," ಅಂದೆ. "ಒಡಿ ಅಣ್ಣ. ಬದಿಯ ಕಾಲುಗಳಿಗೆ ಮಾತ್ರ ಹಾರೆ ತಾಗಿಸಬೇಡ."

ಒಡೆಯುವ ದಿನ ನಾನು ಅತ್ತೆಯ ಹಾಸಿಗೆಯಲ್ಲಿ ಅವಳ ಪಕ್ಕ ಕೂತಿದ್ದೆ. ನೆಲ ನಡುಗಿತು, ನಿಂತಿತು. "ನಿನಗೆ ಅವನ ಮೇಲೆ ಅನುಮಾನ ಇತ್ತಲ್ವೇನೇ," ಎಂದಳು. ಇತ್ತು ಎಂದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಈಗ ಬಾಗಿಲಿದೆ. ಜನ ಅದರೊಳಗೆ ಬಟ್ಟಲು ಹಿಡಿದು ಓಡಾಡುತ್ತಾರೆ.

ಆದರೆ ದೊಡ್ಡ ಇಟ್ಟಿಗೆ ಸಾಲಲಿಲ್ಲ ಎಂದು ಅವನು ಹೇಳಿದ್ದು ನಿಜ. ಅದು ನಾನು ಕನಸಲ್ಲಿ ಕೇಳಿದ್ದಲ್ಲ. ಯಾರಿಗೆ ಹೇಳಬೇಕು, ಏನೆಂದು ಹೇಳಬೇಕು, ತಿಳಿಯದು. ಬಂದರಿನ ಸ್ನಾನಗೃಹಕ್ಕೆ ಹೋದಾಗ ನಾನು ಬಾಗಿಲ ಹತ್ತಿರವೇ ಕೂರುತ್ತೇನೆ.