ಗರುಡನ ಮರಿಗೆ ಹೇಳಿದ ಮಾತು

ವಸಂತದ ಆ ಸಂಧ್ಯಾರಾಗವನ್ನು ಏನೆಂದು ಬಣ್ಣಿಸಲಿ, ಸಹೃದಯರೇ! ೨೦೦೩ರ ಚೈತ್ರ, ಮಾಗಳದ ದೋಣಿಕಟ್ಟೆಯ ಬಳಿ ಕೃಶಾಂಗಿ ತುಂಗಭದ್ರೆ ಹೊಂಬಿಸಿಲನ್ನು ಮೈತುಂಬ ಹೊದ್ದು ಮಂದಗಮನೆಯಾಗಿದ್ದಳು, ಮರಳದಿಣ್ಣೆಯ ಮೇಲೆ ಬೆಳ್ಳಕ್ಕಿಗಳು, ನೀರಂಚಿನಲ್ಲಿ ಟಿಟ್ಟಿಭಗಳು, ಹೊಂಗೆಯ ಎಳೆಚಿಗುರಿನ ಮರೆಯಲ್ಲಿ ಕೋಗಿಲೆಯ ಕಂಠ... ಗರುಡ ಮಾತ್ರ ಎಲ್ಲೂ ಇರಲಿಲ್ಲ. ಕೆಲವು ವರ್ಷಗಳಿಂದ ಆ ಆಕಾಶ ಗರುಡನಿಲ್ಲದೆ ಬರಿದಾಗಿತ್ತು.

ಅದನ್ನು ಮರಳಿ ನೆಲೆಗೊಳಿಸಲೆಂದು ಪಕ್ಷಿಪ್ರಿಯರ ತಂಡವೊಂದು ಮೊದಲ ಮರಿಯನ್ನು ತಂದು, ದಡದ ಅಟ್ಟಣಿಗೆಯ ಬಿದಿರುಗೂಡಿನಲ್ಲಿಟ್ಟು, ದೋಣಿಯ ಎಂಜಿನ್ ರಿಪೇರಿ ಮಾಡುವ ದಸ್ತಗಿರಿಗೆ ಒಪ್ಪಿಸಿತ್ತು. ಇದು ಬದುಕಿದರೆ ಇನ್ನಷ್ಟು ಬರುತ್ತಿದ್ದವು. ಕಟ್ಟಳೆ ಒಂದೇ: ಮರಿಗೆ ಮನುಷ್ಯರ ಮುಖ ಕಾಣಬಾರದು, ದನಿ ಕೇಳಬಾರದು, ಕೇಳಿದರೆ ಅದು ಮನುಷ್ಯರನ್ನೇ ತನ್ನವರೆಂದು ನಂಬಿಬಿಡುತ್ತದೆ. ಈಚಲು ಚಾಪೆಯ ಮರೆಯಿಂದ ಮೀನಿನ ತುಣುಕು ಸರಿಸಬೇಕು, ಅಷ್ಟೆ.

ಮೀನು ತರುತ್ತಿದ್ದವಳು ಮೀನು ಮಾರುವವರ ಮನೆಯ ಗುಲಫಶಾ. ನಲವತ್ತು ಸಂಜೆ ಇಬ್ಬರೂ ಚಾಪೆಯ ಹಿಂದೆ ತುಟಿ ಪಿಟಕ್ಕೆನ್ನದೆ ಕೂತರು. ಆ ಮೌನದಲ್ಲೇ ದಸ್ತಗಿರಿ ಅವಳಿಗೆ ಸೋತುಹೋದ, ಪಾಪ! ಎಂಥ ಹಟಮಾರಿ ಎಂಜಿನ್ನನ್ನೂ ಬಾಯಿ ಬಿಡಿಸುವ ಗಂಡಸಿಗೆ ತನ್ನ ಬಾಯಿ ಬಿಡಲು ಧೈರ್ಯ ಸಾಲಲಿಲ್ಲ. ಅವಳು ಹೋದ ಮೇಲೆ, ಎದೆ ತಡೆಯದೆ, ಚಾಪೆಗೆ ತುಟಿಯಿಟ್ಟು ಮರಿಯೊಂದಿಗೆ ಪಿಸುಗುಟ್ಟುತ್ತಿದ್ದ... ದಿನವೂ.

ಗೂಡು ತೆರೆದ ದಿನ ಗರುಡ ಹಾರಿತು. ನದಿಯ ಮೇಲೊಂದು ಸುತ್ತು ಹಾಕಿತು. ಮರಳಿ ಬಂದು ದಡದ ಜನರ ನಡುವೆಯೇ ಇಳಿಯಿತು. ಮೂರನೆಯ ದಿನ ತುಂಬಿದ ದೋಣಿಯಲ್ಲಿ ಯಾರದೋ ಹೆಗಲಿಗೆ ಎರಗಿ, ಬೆದರಿದವನೊಬ್ಬನ ಹುಟ್ಟಿನ ಏಟಿಗೆ ಪ್ರಾಣ ಬಿಟ್ಟಿತು.

ಗುಲಫಶಾ ಅದನ್ನು ಸೆರಗಿನಲ್ಲಿ ಎತ್ತಿಕೊಂಡು ದಸ್ತಗಿರಿಯ ಬಳಿಗೆ ಬಂದಳು.

"ಇದು ಮನುಷ್ಯಾರ ದನಿ ಕೇಳೈತ್ರಿ. ಯಾರು ಮಾತಾಡಿದ್ರು?"

"ನಾನ ಮಾತಾಡಿದ್ದು," ಎಂದ ದಸ್ತಗಿರಿ.

"ಏನಂತ?"

"ನಿಮ್ಮ ಸುದ್ದೀನ. ನೀವಿಲ್ಲಂದ್ರ ನನಗ ಬಾಳೇ ಇಲ್ಲಂತ."

ಅವಳು ಬಹಳ ಹೊತ್ತು ಆ ಕೆಂಗಂದು ರೆಕ್ಕೆಯನ್ನೇ ಸವರುತ್ತಿದ್ದಳು.

"ನಲವತ್ತು ದಿನ ನಾ ಬಾಜೂಕ ಕುಂತಿದ್ನಲ್ರಿ... ಎದ್ದು ದಿಣ್ಣಿ ಹತ್ತೋವಾಗರ ನೀವು ಒಂದು ಮಾತು ಅಂತೀರಂತ ದಿನಾ ಕಾದೆ. ನಿನ್ನೆ ನಮ್ಮ ಅಬ್ಬಾ ಹರಪನಹಳ್ಳಿಯವರಿಗೆ ನನ್ನ ಕೊಡ್ತೀನಂತ ಮಾತು ಕೊಟ್ಟಾರ."

ಇಬ್ಬರೂ ಸೇರಿ ಮರಳು ತೋಡಿ ಗರುಡನನ್ನು ಮಣ್ಣು ಮಾಡಿದರು. ಅವಳು ಬರಿದಾದ ಬುಟ್ಟಿ ಎತ್ತಿಕೊಂಡು ದಿಣ್ಣೆ ಹತ್ತಿದಳು. ಅವನು ಆಗಲೂ ಕರೆಯಲಿಲ್ಲ.

ಎಷ್ಟು ಅಮಾಯಕ, ಎಷ್ಟು ಅಪಾಯಕರ ಈ ಮನುಷ್ಯಪ್ರೀತಿ! ಕೇಳಬಾರದ ಜೀವಕ್ಕೆ ಎಲ್ಲವನ್ನೂ ಹೇಳಿಬಿಡುತ್ತದೆ. ಕೇಳಲೆಂದೇ ಕಾದು ಕೂತ ಜೀವಕ್ಕೆ ಒಂದು ಮಾತನ್ನೂ ಉಳಿಸಿರುವುದಿಲ್ಲ...