ಹದಿಮೂರನೇ ಚಾನೆಲ್

ಮುರ್ಡೇಶ್ವರದ ಐಸ್ ಫ್ಯಾಕ್ಟರಿಯಲ್ಲಿ ಅಮಿತಾಳ ಬೋರ್ಡು ಎರಡು ತಾಸಿನಿಂದ ಮುಷ್ಕರ ಹೂಡಿತ್ತು. ಅಂಗೈಯಷ್ಟು ಬೋರ್ಡು, ಕೋಲ್ಡ್ ರೂಮಿನ ಉಷ್ಣತೆ ಅಳೆದು ವೈಫೈ ಮೂಲಕ ಆಫೀಸಿನ ಕಂಪ್ಯೂಟರಿಗೆ ಕಳಿಸಬೇಕು. ಹೊನ್ನಾವರದ ಮನೆಯಲ್ಲಿ ವಾರವಿಡೀ ಚಾಚೂ ತಪ್ಪದೆ ಕಳಿಸಿತ್ತು. ಇಲ್ಲಿಗೆ ಬಂದದ್ದೇ ತಡ, ಆಫೀಸಿನ ನೆಟ್‌ವರ್ಕು ಕಣ್ಣಿಗೇ ಬೀಳುತ್ತಿಲ್ಲವೆಂದು ಹಟ ಹಿಡಿದಿತ್ತು. ಅದು ಎರಡು ಸಾವಿರದ ಒಂಬತ್ತನೇ ಇಸವಿ. ಆ ಕಡೆ ವೈಫೈ ಇರುವ ಆಫೀಸುಗಳೇ ಬೆರಳೆಣಿಕೆಯಷ್ಟು. ಇವತ್ತು ಇದು ನಡೆದರೆ ಮಾಲೀಕ ಮಹಾಗಣಪತಿಯವರ ಮೂರೂ ಫ್ಯಾಕ್ಟರಿಗಳ ಕೆಲಸ ಅವಳದು. ಡಿಪ್ಲೊಮಾ ಮುಗಿಸಿ ಎರಡು ವರ್ಷ ಅಣ್ಣನ ಟಿವಿ ರಿಪೇರಿ ಅಂಗಡಿಯಲ್ಲಿ ಸ್ಕ್ರೂ ಎತ್ತಿಕೊಟ್ಟವಳಿಗೆ ಅದು ಮೊದಲ ಸ್ವಂತ ಕೆಲಸ.

"ಸರ್, ನಿಮ್ಮ ರೂಟರ್ ಒಂದ್ಸಲ ನೋಡ್ಲಾ?"

"ಎಂತಕ್ಕೆ? ದುಬೈಯಿಂದ ತರ್ಸಿದ್ದು ಅದು. ನನ್ನ ಲ್ಯಾಪ್‌ಟಾಪಿಗೆ ಬರ್ತದಲ್ಲ!" ಮನೆ ಅಳಿಯನನ್ನೇ ಸಂಶಯಿಸಿದಂತೆ ಮಹಾಗಣಪತಿಯವರ ಮುಖ ಕೆಂಪಾಯಿತು.

ಅವಳನ್ನು ಬೈಕಿನಲ್ಲಿ ಕರೆತಂದಿದ್ದ ಅಣ್ಣ ಭಾಸ್ಕರ ಅಷ್ಟರಲ್ಲಿ ಎದ್ದ. "ಉಪ್ಪು ಗಾಳಿ, ಸರ್. ಬೆಸುಗೆ ಹಿಡ್ದಿಲ್ಲ. ಹುಡ್ಗಿ ಕೈ ಅಲ್ದಾ," ಎಂದು ನಕ್ಕ.

ಕರಾವಳಿಯಲ್ಲಿ ಯಾವ ಯಂತ್ರ ಕೆಟ್ಟರೂ ಬೈಗುಳ ಉಪ್ಪು ಗಾಳಿಗೆ. ಭಾಸ್ಕರನ ಅಂಗಡಿ ನಡೆಯುತ್ತಿದ್ದದ್ದೇ ಅದರ ಮೇಲೆ.

"ಅಣ್ಣಾ, ಬೆಸುಗೆ ಸರಿ ಇದೆ. ಮುಟ್ಬೇಡ."

ಕೇಳುವವರ್ಯಾರು? ಚೀಲದಿಂದ ಬೆಸುಗೆ ಕಡ್ಡಿ ತೆಗೆದು ಕಾಯಿಸಿ ಕೂತೇಬಿಟ್ಟ. ಟಿವಿಯ ಬಿಡಿಭಾಗಗಳ ದಪ್ಪ ಕಾಲುಗಳಿಗೆ ತಕ್ಕ ಕಾವು ಕೂದಲೆಳೆಯಂಥ ತಂತಿಗಳ ಮೇಲೆ ಬಿತ್ತು. ಸುಟ್ಟ ವಾಸನೆ ಬಂತು. ವೈಫೈ ಹಿಡಿಯುವ ಮಾಡ್ಯೂಲು ಸತ್ತೇಹೋಯಿತು.

"ಕಂಡ್ರಾ ಸರ್? ಒಳಗೆಲ್ಲ ತುಕ್ಕು," ಎಂದು ಭಾಸ್ಕರ ತಾನೇ ಮಾಡಿದ ಕರಕಲನ್ನು ತೋರಿಸಿದ.

ಗಂಡಸರಿಬ್ಬರೂ ತುಕ್ಕಿನ ಮಾತಿನಲ್ಲಿ ಮುಳುಗಿದಾಗ ಅವಳು ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ಎಳೆದುಕೊಂಡಳು. ರೂಟರಿನ ಪಾಸ್‌ವರ್ಡು ಅದರ ತಳದಲ್ಲೇ ಅಚ್ಚಾಗಿತ್ತು, ಯಾರೂ ಬದಲಿಸಿರಲಿಲ್ಲ. ರೂಟರಿನ ಸೆಟ್ಟಿಂಗಿನ ಎರಡನೇ ಪುಟದಲ್ಲೇ ಕಂಡಿತು: ವೈಫೈ ಹರಿಯುವ ಚಾನೆಲ್ ಹದಿಮೂರು. ಲ್ಯಾಪ್‌ಟಾಪಿಗೆ ಹದಿಮೂರೂ ಕೇಳಿಸುತ್ತದೆ. ಅಮೆರಿಕದವರಿಗಾಗಿ ತಯಾರಾದ ಅವಳ ಮಾಡ್ಯೂಲಿಗೆ, ಆ ಜಾತಿಯ ಯಾವ ಮಾಡ್ಯೂಲಿಗೂ, ಹನ್ನೊಂದರವರೆಗೆ ಮಾತ್ರ. ಬೋರ್ಡಿನಲ್ಲಿ ಏನೇನೂ ದೋಷವಿರಲಿಲ್ಲ. ಹದಿಮೂರನ್ನು ಅಳಿಸಿ ಆರು ಎಂದು ಒತ್ತಿದ್ದರೆ ಮುಗಿದಿತ್ತು.

ಹೇಳಲೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮಹಾಗಣಪತಿಯವರೇ ಮಾತಾಡಿದರು: "ಭಾಸ್ಕರಾ, ಹೆಣ್ಮಕ್ಳ ಆಟ ಸಾಕು. ಮೂರೂ ಫ್ಯಾಕ್ಟರಿದು ನೀನೇ ಮಾಡ್ಕೊಡು."

ಇದು ತಂಗಿಯ ಕೆಲಸ ಸರ್ ಎಂದು ಅಣ್ಣ ಹೇಳಿಯಾನೆಂದು ಅವಳು ಕಾದಳು.

"ಆತು ಸರ್," ಎಂದ ಭಾಸ್ಕರ.

ಅವಳು ಹದಿಮೂರನ್ನು ಹಾಗೇ ಬಿಟ್ಟು ಲ್ಯಾಪ್‌ಟಾಪ್ ಮುಚ್ಚಿದಳು.

ಹೊನ್ನಾವರದ ದಾರಿಯಲ್ಲಿ ಅವನು ಬೈಕಿನ ವೇಗ ತಗ್ಗಿಸಿದ. "ಬೇಜಾರ್ ಮಾಡ್ಕೋಬೇಡ್ವೇ. ಬೋರ್ಡ್ ನೀನೇ ಮಾಡು, ಹೆಸ್ರು ಮಾತ್ರ ನಂದಿರ್ಲಿ. ಅಲ್ಲಾ, ಅವ್ರ ಕಂಪ್ಯೂಟರಲ್ಲಿ ಹುಡುಕ್ತಿದ್ಯಲ್ಲ, ಎಂತ ಸಿಕ್ತು?"

"ಎಂತದೂ ಇಲ್ಲ," ಎಂದಳು ಅಮಿತಾ. "ಬೋರ್ಡೂ ನೀನೇ ಮಾಡು, ಅಣ್ಣಾ."