ಬರಿಹೊಟ್ಟೆಯ ಗುಳಿಗೆ

ಮಹಾದೇವಕ್ಕ ಹಗಲು ಹೊತ್ತಿನಲ್ಲಿ ತೂಕಡಿಸುತ್ತಾಳೆ ಅಂದರೆ ಸಂಶಿಯಲ್ಲಿ ಯಾರು ನಂಬಬೇಕು? ಕೋಳಿಗಿಂತ ಮೊದಲೇ ಎದ್ದು ಇಡೀ ಓಣಿಯನ್ನು ಬಾಯಿಂದಲೇ ಎಬ್ಬಿಸುತ್ತಿದ್ದ ಹೆಂಗಸು ಅದು. ಅಂಥವಳು ಈಗ ಜೋಳ ಹಸನು ಮಾಡಲು ಕೂತರೆ, ಮೊರ ತೊಡೆಯ ಮೇಲಿರುವಾಗಲೇ ಕುತ್ತಿಗೆ ವಾಲಿಸಿಬಿಡುತ್ತಿದ್ದಳು. ಮುಖ ಬಾತಿತ್ತು, ದನಿ ಗೊಗ್ಗರಾಗಿತ್ತು, ರಣಬಿಸಿಲಲ್ಲೂ ಚಳಿ ಚಳಿ ಅಂತ ಕೌದಿ ಹೊದೆಯುತ್ತಿದ್ದಳು. ಮಗ ಈರಬಸಪ್ಪ ಗುಡಗೇರಿ ಸಂತೆಯಲ್ಲಿ ಕಾಳುಕಡಿ ವ್ಯಾಪಾರ ಮಾಡುವವನು. ಅವ್ವನಿಗೆ ವಯಸ್ಸಾಯಿತು ಅಂದುಕೊಂಡು ಸುಮ್ಮನಾದ.

ಏನಾಗಿದೆ ಅಂತ ಗೊತ್ತಿದ್ದದ್ದು ಸೊಸೆ ಅನ್ನವ್ವನಿಗೆ. ಆ ರೋಗವನ್ನು ಅವಳು ಮೈಯಲ್ಲಿಟ್ಟುಕೊಂಡು ಬಾಳಿದವಳು. ಅತ್ತೆ ಮೊದಲ ಸಲ ಕೌದಿ ಕೇಳಿದ ದಿನವೇ ಅವಳಿಗೆ ಗುರುತು ಸಿಕ್ಕಿತ್ತು. ಬಾಯಿ ಬಿಡಲಿಲ್ಲ. ಯಾಕೆ ಬಿಡಬೇಕು?

ನವಲಗುಂದದಲ್ಲಿ ರೈತರ ಗಲಾಟೆಯಾಯಿತಲ್ಲ, ಅದರ ಮರುವರ್ಷ ಅನ್ನವ್ವ ಸೊಸೆಯಾಗಿ ಈ ಮನೆಗೆ ನಡೆಯಲು ಬಂದದ್ದು. ಬಂದು ಸ್ವಲ್ಪ ದಿನಕ್ಕೇ ಅವಳ ಮೈ ಭಾರವಾಯಿತು, ಕೂದಲು ಉದುರಿತು, ಮುಟ್ಟು ತಪ್ಪತೊಡಗಿತು. ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಂತುಬಿಡುತ್ತಿತ್ತು. ಮಹಾದೇವಕ್ಕ ಅವಳಿಗೆ ಮೈಗಳ್ಳಿ ಅಂತ ಹೆಸರಿಟ್ಟಳು. ನೀರಿಗೆ ಹೋದಾಗ ಬಾವಿಯ ಹೆಂಗಸರೂ ಅದೇ ಹೆಸರಿನಿಂದ ಕರೆದು ನಗುವ ಹಾಗಾಯಿತು. ಮುಖ ಬಾತದ್ದು ಕಂಡು, ಬಾವು ಇದ್ದವರು ಉಪ್ಪು ತಿನ್ನಬಾರದು ಅಂತ ಅತ್ತೆ ತಾನೇ ಡಾಕ್ಟರಾಗಿ ಅವಳ ತಾಟಿಗೆ ಬೇರೆಯಾಗಿ ಸಪ್ಪೆ ಪಲ್ಯ ಬಡಿಸಿದಳು. ತಿನ್ನದೆ ಬಿಟ್ಟರೆ ಸೊಕ್ಕು, ತಿಂದರೆ ಹೊಟ್ಟೆಬಾಕತನ. ಹೇಗೆ ಬದುಕಬೇಕು ಹೇಳಿ ಅಂಥ ಮನೆಯಲ್ಲಿ!

ಕೊನೆಗೆ ಈರಬಸಪ್ಪನೇ ಹುಬ್ಬಳ್ಳಿಗೆ ಕರೆದೊಯ್ದ. ಡಾಕ್ಟರು ರಕ್ತ ತೆಗೆಸಿ ನೋಡಿ, ಇದು ಮೈಗಳ್ಳತನವಲ್ಲ, ಥೈರಾಯ್ಡ್ ಅಂದರು. ಗಂಟಲ ಬುಡದಲ್ಲೊಂದು ಗ್ರಂಥಿ ಇದೆ, ಮೈಗೆ ಕಾವು ಕೊಡುವ ರಸ ಅಲ್ಲಿಂದಲೇ ಬರಬೇಕು, ಈಕೆಗೆ ಅದು ಸಾಲುತ್ತಿಲ್ಲ. ಗುಳಿಗೆಯಿಂದ ತುಂಬಿಕೊಡಬಹುದು, ಆದರೆ ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಒಂದು ತಾಸು ಬಾಯಿಗೆ ಏನೂ ಬೇಡ. ಹಾಲಿನ ಜೊತೆ ತೆಗೆದುಕೊಂಡರೆ ಅರ್ಧ ಗುಳಿಗೆ ಹಾಲಿನ ಪಾಲು. ಉಪ್ಪು ಬಿಡುವ ಕಾರಣವಿಲ್ಲ. ಬಸುರಾದರಂತೂ ಒಂದು ದಿನವೂ ತಪ್ಪಬಾರದು, ಕೂಸಿಗೆ ಕುತ್ತು. ಇಷ್ಟನ್ನೂ ಈರಬಸಪ್ಪ ಮನೆಗೆ ಬಂದು ಅವ್ವನ ಮುಂದೆ ಒಪ್ಪಿಸಿದ.

ಮಹಾದೇವಕ್ಕ ಎಲ್ಲ ಕೇಳಿ, ಗುಳಿಗೆಯ ಬಾಟಲಿಯನ್ನು ತನ್ನ ಎಲೆಅಡಿಕೆಯ ಚಂಚಿಯಲ್ಲಿ ಸೇರಿಸಿದಳು. "ಲಿಂಗಪೂಜಿ ಆಗದ ಬಾಯಾಗ ಈ ಮನ್ಯಾಗ ಹನಿ ನೀರೂ ಹೋಗಂಗಿಲ್ಲ" ಅಂದಳು.

ಪೂಜೆಯೇನೋ ಸರಿ. ಆದರೆ ಸೊಸೆಯ ಪೂಜೆಯ ಸರದಿ ಬರುತ್ತಿದ್ದದ್ದು ಯಾವಾಗ? ಸೆಗಣಿ, ಕಸ, ರೊಟ್ಟಿ ಎಲ್ಲ ಮುಗಿದು, ಅತ್ತೆಯ ಪೂಜೆ, ಗಂಡನ ಪೂಜೆ, ಅವರ ಊಟ ಆದಮೇಲೆ. ಅಷ್ಟು ಹೊತ್ತಿಗೆ ಅನ್ನವ್ವನ ಕಣ್ಣು ಕತ್ತಲೆಗಟ್ಟುತ್ತಿತ್ತು. ಆಗ ಮಹಾದೇವಕ್ಕ ಚಂಚಿ ಬಿಚ್ಚಿ, ಪೂಜೆಯ ಪ್ರಸಾದದ ಹಾಲಿನ ಜೊತೆಗೇ ಗುಳಿಗೆ ಕೊಡುತ್ತಿದ್ದಳು, ನುಂಗುವ ತನಕ ಎದುರಿಗೇ ಕೂತಿರುತ್ತಿದ್ದಳು. ಔಷಧಕ್ಕೆ ನೇಮವಿಲ್ಲ ಅಂತ ಮಠದ ಅಯ್ಯನವರೇ ಹೇಳಿ ಕಳಿಸಿದರು. ಅಯ್ಯನವರ ಮಾತು ಮಠದಲ್ಲಿ ನಡೆಯಲಿ ಅಂದಳು. ಬಾಜು ಮನೆಯ ಫಾತಿಮಾಬಿಗೂ ಇದೇ ರೋಗ, ಇದೇ ಗುಳಿಗೆ. ರಂಜಾನ್ ತಿಂಗಳಲ್ಲೂ ತಾನು ನಸುಕಿನಲ್ಲಿ ಬೇಗ ಎದ್ದು, ಊಟಕ್ಕೆ ಕೂಡುವ ಮೊದಲೇ ನುಂಗುತ್ತೇನೆ, ದೇವರು ಬೇಡ ಅನ್ನುವುದಿಲ್ಲ ಅಂತ ಆಕೆ ಗೋಡೆಯ ಆಚೆಯಿಂದ ಹೇಳಿದಳು. ನಿಮ್ಮದು ನಿಮಗೆ, ನಮ್ಮದು ನಮಗೆ ಅಂತ ಮಹಾದೇವಕ್ಕ ಬೆನ್ನು ತಿರುಗಿಸಿದಳು.

ಅಂಥದರಲ್ಲೂ ಅನ್ನವ್ವ ಬಸುರಾದಳು. ಅದೇ ಹಾಲು, ಅದೇ ಗುಳಿಗೆ. ಏಳು ತಿಂಗಳು ತುಂಬಿದ ಮೇಲೆ ಹೆರಿಗೆಯಾಯಿತು. ಗಂಡು ಕೂಸು, ಅಳಲಿಲ್ಲ. ಮಾತಾಡಿಸಲು ಬಂದ ಹೆಂಗಸರ ಮುಂದೆ, ಬಾಣಂತಿಗೆ ಕೇಳುವ ಹಾಗೆಯೇ, ಮಹಾದೇವಕ್ಕ ಅಂದಳು: "ಮೈಗಳ್ಳಿ ಕೂಸಲ್ಲೇನವಾ, ಅಳಾಕೂ ಬ್ಯಾಸರಾತು ಅದಕ್ಕ."

ಆಮೇಲೆ ಅನ್ನವ್ವನಿಗೆ ಮಕ್ಕಳಾಗಲಿಲ್ಲ. ನಾಚಿಕೆಯೋ ಹೆದರಿಕೆಯೋ, ಚಂಚಿಯ ಬಾಟಲಿ ಬರಿದಾದ ಮೇಲೆ ಈರಬಸಪ್ಪ ಬೇರೆ ಬಾಟಲಿ ತಂದು ಅವ್ವನಿಗೆ ಕಾಣದಂತೆ ಹೆಂಡತಿಯ ಕೈಗಿಟ್ಟ. ಅಂದಿನಿಂದ ಅವಳು ದಿನಾ ನಸುಕಿನಲ್ಲಿ ಬಚ್ಚಲಿಗೆ ಹೋಗಿ, ಹಂಡೆಯ ನೀರಿನ ಜೊತೆ ಗುಳಿಗೆ ನುಂಗಿದಳು. ಮೈ ಇಳಿಯಿತು, ಕೈ ಚುರುಕಾಯಿತು. ಬೈದು ಬೈದು ದಾರಿಗೆ ತಂದೆ ಅಂತ ಮಹಾದೇವಕ್ಕ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು.

ಈಗ ಅದೇ ಮಹಾದೇವಕ್ಕ ಕೌದಿಯೊಳಗೆ ಮುದುಡಿ ಮಲಗಿದ್ದಳು. ಬಾಟಲಿ ಬಚ್ಚಲ ಗೂಡಿನಲ್ಲೇ ಇತ್ತು. ಅತ್ತೆಯ ತಾಟಿಗೆ ಅನ್ನವ್ವ ಬೇರೆಯಾಗಿ ಸಪ್ಪೆ ಪಲ್ಯ ಬಡಿಸತೊಡಗಿದಳು. ಮುದುಕಿ ಒಂದು ತುತ್ತು ಬಾಯಿಗಿಟ್ಟು ಅವಳ ಮುಖ ನೋಡಿದಳು. ಅನ್ನವ್ವನಿಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಬೇಕು, ಮದುವೆಯಾದ ಮೇಲೆ ಅಷ್ಟು ಸಂತೋಷ ಆಗಿರಲಿಲ್ಲ ಅವಳಿಗೆ.

ಕಂಡುಹಿಡಿದವಳು ಫಾತಿಮಾಬಿ. ಮೊಸರು ಕೊಡಲು ಬಂದವಳು ಮುದುಕಿಯ ಮುಖ ನೋಡಿದ ಕೂಡಲೇ ಅನ್ನವ್ವನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದಳು.

"ನಿನಗ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನ ಕುಂತಿ."

ಫಾತಿಮಾಬಿ ನೆಟ್ಟಗೆ ಈರಬಸಪ್ಪನಿಗೆ ಮುದುಕಿಯ ರೋಗದ ಮಾತಷ್ಟೇ ಹೇಳಿದಳು. ಅವನು ಅವ್ವನನ್ನು ಹುಬ್ಬಳ್ಳಿಗೆ ಒಯ್ದ. ಅದೇ ರೋಗ, ಅದೇ ಗುಳಿಗೆ. ಈ ವಯಸ್ಸಿಗೆ ಸರಿಯಾಗಿ ನುಂಗದಿದ್ದರೆ ಹೃದಯಕ್ಕೇ ಕುತ್ತು ಬರುತ್ತದೆ ಅಂತ ಡಾಕ್ಟರು ಹೇಳಿದರಂತೆ. ಈರಬಸಪ್ಪ ಬಾಟಲಿಯನ್ನು ಅನ್ನವ್ವನ ಕೈಗೆ ಕೊಟ್ಟು, ನಿನಗೆ ಎಲ್ಲ ಗೊತ್ತಿದೆಯಲ್ಲ, ನೀನೇ ನೋಡಿಕೋ ಅಂದು ಸಂತೆಗೆ ಹೋದ.

ಮರುದಿನ ಮುಂಜಾನೆ ಮಹಾದೇವಕ್ಕ ಹಾಸಿಗೆಯಲ್ಲಿ ಎದ್ದು ಕೂತು ಅಂಗೈ ಚಾಚಿದಳು.

"ಪೂಜಿ ಆಗಿಲ್ಲಲ್ರಿ ಅತ್ತಿ" ಅಂದಳು ಅನ್ನವ್ವ.

ಚಾಚಿದ ಕೈ ಹಾಗೇ ಕೆಳಗಿಳಿಯಿತು. ತಾನೇ ಮಾಡಿದ ನೇಮ, ಯಾವ ಬಾಯಿಂದ ಬೇಡ ಅನ್ನಬೇಕು! ಹಂಡೆಗೆ ಬೆಂಕಿ ತಡವಾಗಿ ಬಿತ್ತು. ಜಳಕ ತಡವಾಯಿತು, ಪೂಜೆ ಇನ್ನೂ ತಡವಾಯಿತು. ಆಮೇಲೆ ಗುಳಿಗೆ ಬಂತು, ಜೊತೆಗೆ ಎಮ್ಮೆಯ ಗಟ್ಟಿ ಹಾಲಿನ ವಾಟಗ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಅಷ್ಟು ಹೊತ್ತಿಗೆ ಮನೆ ಬಿಟ್ಟಿರುತ್ತಿದ್ದ ಈರಬಸಪ್ಪ, ಗುಳಿಗೆ ಯಾಕೋ ಹತ್ತುತ್ತಿಲ್ಲ ಅಂತ ಪೇಚಾಡಿದ. ಸೊಸೆ ಕೈಯಾರೆ ಹಾಲು ಕುಡಿಸುತ್ತಾಳೆ, ಪುಣ್ಯವಂತೆ ಮಹಾದೇವಕ್ಕ ಅಂತ ಓಣಿ ಹೊಗಳಿತು.

ಒಂದು ದಿನ ಮುದುಕಿಗೆ ಪೂಜೆಗೆ ಕೂತಲ್ಲಿಂದ ಏಳಲಾಗಲಿಲ್ಲ. ಅನ್ನವ್ವ ಗುಳಿಗೆ ತಂದಾಗ, ಆ ಗೊಗ್ಗರು ದನಿಯಲ್ಲಿ ಕೇಳಿದಳು.

"ಕೈಕಾಲು ನನ್ನೂವಽ ಅಲ್ಲ ಅನ್ನಸ್ತಾವ. ಅನ್ನವ್ವಾ, ನಿನಗೂ ಹಿಂಗಽ ಆಗತಿತ್ತೇನ?"

ಆ ಒಂದು ಮಾತಿಗಾಗಿ ಅನ್ನವ್ವ ಇಷ್ಟು ವರ್ಷ ಕಾದಿದ್ದಳು. ಅತ್ತೆ ಒಂದು ಸಲ ಕೇಳಿದರೆ ಸಾಕು, ಎಲ್ಲ ಮರೆತುಬಿಡುತ್ತೇನೆ ಅಂದುಕೊಂಡಿದ್ದಳು. ಈಗ ಕೇಳಿಯಾಯಿತು. ಮರೆಯಲು ಆಗಲಿಲ್ಲ. ಅಳದ ಕೂಸಿನ ಮುಖವೊಂದೇ ಕಣ್ಣ ಮುಂದೆ ಬಂತು.

"ಮಾತು ಬಿಡ್ರಿ ಅತ್ತಿ, ಹಾಲು ಆರತಾವ" ಅಂದು, ಗುಳಿಗೆಯನ್ನು ಅವಳ ನಾಲಿಗೆಯ ಮೇಲಿಟ್ಟು, ವಾಟಗವನ್ನು ತುಟಿಗೆ ಹಿಡಿದಳು. ನುಂಗುವ ತನಕ ಎದುರಿಗೇ ಕೂತಿದ್ದಳು.